ತೇವ

ರಾಯಚೂರು ಗಂಜಿನಲ್ಲಿ ಹತ್ತೊಂಬತ್ತು ವರ್ಷ
ಹತ್ತಿಯ ತೂಕದ ಚೀಟಿ ಬರೆದವಳು ನಾನು.
ಯಾರ ಮಾಲು, ಎಷ್ಟು ಅಂಡಿಗೆ, ಯಾರ ಅಡತಿ,
ಕೊನೆಗೊಂದು ಗೀಟು.
ಗೀಟಿನ ಕೆಳಗೆ ಉಳಿದ ಜಾಗದಲ್ಲಿ
ಒಂದು ಕಾದಂಬರಿ.

ಮುನ್ನೂರ ಹನ್ನೆರಡು ಪುಟ. ಅವ್ವನ ಕಥೆ ಅಂದರೆ
ಅರ್ಧ ಸುಳ್ಳು. ಜಿನ್ನಿನಲ್ಲಿ ಅವಳ ಸಾಲಿಗೆ ಕೂತ
ಏಳು ಹೆಂಗಸರ ಕೆಮ್ಮಿನ ಕಥೆ.
ಬಗಲಚೀಲದಲ್ಲಿಟ್ಟು ತಿರುಗಿದೆ.
ಬೆಂಗಳೂರಿನ ಬಾಗಿಲು ನನಗೆ ಗೊತ್ತಿಲ್ಲ,
ಬಾಗಿಲು ಗೊತ್ತಿದ್ದವರೂ ಗೊತ್ತಿಲ್ಲ.

ಮೊದಲು ಬಂದವನ ಹೆಸರು ಕಾರ್ಡಿನ ಮೇಲೆ
ಬಂಗಾರದ ಬಣ್ಣದಲ್ಲಿತ್ತು.
ತೀನ್ ಕಂದೀಲಿನ ಹೋಟೆಲಿನಲ್ಲಿ ಎರಡು ಮಿರ್ಚಿ ತಿಂದು
ಹಸ್ತಪ್ರತಿಯನ್ನು ಅಂಗೈಯಲ್ಲಿ ತೂಗಿ
"ಅದ್ಭುತ ಮೇಡಂ" ಅಂದ.
ದಾರ ಇನ್ನೂ ಬಿಚ್ಚಿರಲಿಲ್ಲ.
ಪ್ರಕಾಶಕರೆಲ್ಲ ಅವನ ಕಿಸೆಯಲ್ಲಿದ್ದಾರಂತೆ,
ಬಹುಮಾನದ ಸಮಿತಿಯವರು ಒಳಕಿಸೆಯಲ್ಲಿ.
ನೋಂದಣಿಗೆ, ಓದುವುದಕ್ಕೆ, ಓಡಾಟಕ್ಕೆ
ಮೂವತ್ತೈದು ಸಾವಿರ, ಮುಂಗಡ.

ಮಿರ್ಚಿಯ ಬಿಲ್ಲು ನಾನೇ ಕೊಟ್ಟೆ.
ನಮ್ಮ ಗಂಜಿನ ಎಂಥ ಕಳ್ಳ ಅಡತಿಯೂ
ಮಾಲು ಹೋಗುವ ಮೊದಲು ದಲಾಲಿ ಕೇಳಿದ್ದಿಲ್ಲ.
ಕದಿಯುವುದಕ್ಕೂ ಒಂದು ಕ್ರಮ ಇದೆ ಇಲ್ಲಿ.

ಎರಡನೆಯವರು ಉಪನ್ಯಾಸಕರು. ರೊಕ್ಕ ಕೇಳಲಿಲ್ಲ.
ಒಂಬತ್ತು ತಿಂಗಳು ಇಟ್ಟುಕೊಂಡರು.
ಬಿಡಿಸಿಕೊಂಡು ಬರಲು ಹೋದಾಗ
ಕೊನೆಯ ಪುಟದ ಹಿಂದೆ ಅವರ ಮೊಮ್ಮಗ
ಏಳರ ಮಗ್ಗಿ ಬರೆದಿದ್ದ.
ಏಳೆಂಟ್ಲೆ ಐವತ್ನಾಲ್ಕು.
ಅಲ್ಲೇ ನಿಂತು ತಿದ್ದಿದೆ.

ಮೌಲಾಲಿ ಸಾಬರು ದೇವದುರ್ಗದವರು.
ಮೂವತ್ತು ವರ್ಷ ಬಸ್ಸಿನ ನೆತ್ತಿಗೆ ಗಂಟು ಕಟ್ಟಿ
ಮಾನ್ವಿ, ಸಿಂಧನೂರು, ಲಿಂಗಸೂಗೂರು
ಶಾಲೆ ಶಾಲೆಗೆ ಪುಸ್ತಕ ಮಾರಿದವರು,
ಮಾರದೆ ಉಳಿದದ್ದನ್ನು ಹೊತ್ತು ವಾಪಸು ಕೊಟ್ಟವರು.
ಯಾವ ಪ್ರಕಾಶಕ ಲೆಕ್ಕ ಕೊಡುತ್ತಾನೆ,
ಯಾವನು ಶಾಲು ಹೊದಿಸಿ ಕಳಿಸುತ್ತಾನೆ,
ಬಾಯಿಪಾಠ.
"ಓದಿ ಹೇಳ್ತೀನ್ರಿ" ಅಂದರು. ಅಷ್ಟೇ.

ಇಪ್ಪತ್ತೊಂದನೇ ದಿನ ತೂಕದ ಕಟ್ಟೆಯ ಮೇಲೆ ಕೂತು
ನೂರಾ ನಲವತ್ತನೇ ಪುಟ ತೆಗೆದು
ಅಂಡಿಗೆಯ ಹೊಟ್ಟೆಗೆ ಕೈ ಹಾಕಿದ ಹಾಗೆ
ಬೆರಳಿಟ್ಟರು.
"ಇಲ್ಲಿ ನೀರು ಹೊಡದೀರಿ, ಯಂಕಮ್ಮನೋರ."

ಮೈ ಉರಿಯಿತು. ಅದು ಅವ್ವ ಸಾಯುವ ಪುಟ,
ರಾತ್ರಿಯೆಲ್ಲ ಅತ್ತು ಬರೆದದ್ದು.
ಗಂಜಿನಲ್ಲಿ ಯಾರಿಗಾದರೂ ಈ ಮಾತು ಅಂದು ನೋಡಿ,
ಅಂಗಿ ಹರಿಯುತ್ತದೆ.
ರಾತ್ರಿ ಹತ್ತಿಗೆ ನೀರು ಚಿಮುಕಿಸಿದರೆ
ಬೆಳಿಗ್ಗೆ ಕಾಟಾದ ಮೇಲೆ ತೂಕ ಏರುತ್ತದೆ;
ಒಳಗೆ ಕೈ ಹಾಕಿದರೆ ಮಾತ್ರ ತಂಪು.
ಹತ್ತೊಂಬತ್ತು ವರ್ಷ ಆ ತಂಪನ್ನು ಹಿಡಿದು
ಎರಡು ಕಿಲೋ ಕಡಿತ ಬರೆದವಳು
ನನ್ನ ಅಂಡಿಗೆಗೆ ಕೈ ಹಾಕಿರಲಿಲ್ಲ.

ಅವ್ವ ಸತ್ತದ್ದು ಮಂಗಳವಾರ, ಊಟದ ಬಿಡುವಿನಲ್ಲಿ,
ಬುತ್ತಿ ಡಬ್ಬಿಯ ಮುಚ್ಚಳ ತೆಗೆಯುತ್ತ.
ಮುಚ್ಚಳ ಬಿಗಿಯಾಗಿತ್ತು. ಪಕ್ಕದವಳು ತೆಗೆದುಕೊಟ್ಟಳು.
ಅಷ್ಟರಲ್ಲಿ.
ಇದ್ದದ್ದು ಇಷ್ಟೇ. ನಾನು ಮಳೆ ಸೇರಿಸಿದ್ದೆ,
ಊಳಿಡುವ ಒಂದು ನಾಯಿಯನ್ನೂ.

ನಾಲ್ಕು ಪುಟ ತೆಗೆದೆ. ಒಂಬತ್ತು ಸಾಲು ಉಳಿದವು.

"ದಲಾಲಿ ಎಷ್ಟ್ರಿ?"
"ಮಾಲು ಹೋದ ಮ್ಯಾಲ ನೂರಕ್ಕ ಹತ್ತು.
ಹೋಗಲಿಲ್ಲಂದ್ರ ನಿಮ್ಮ ಚಹಾ ನನ್ನ ಮ್ಯಾಲ."
ದನದ ಸಂತೆಯವರಂತೆ ರುಮಾಲಿನ ಕೆಳಗೆ
ಬೆರಳು ಹಿಡಿಯಲಿಲ್ಲ ಅವರು;
ತೂಕದ ಚೀಟಿಯ ಹಿಂದೆ ಬಿಡಿಸಿ ಬರೆದುಕೊಟ್ಟರು:
ಯಾರಿಗೆ ತೋರಿಸುವುದು, ಯಾವ ತಿಂಗಳು,
ಬೇಡ ಅಂದವರ ಹೆಸರನ್ನೂ ಮುಚ್ಚಿಡದೆ ಹೇಳುವುದು.

ಇಲ್ಲಿಗೆ ಇಬ್ಬರು ಬೇಡ ಅಂದಿದ್ದಾರೆ.
ಹೆಸರು ಹೇಳಿದ್ದಾರೆ.
ಮೂರನೆಯದು ಧಾರವಾಡಕ್ಕೆ, ಸಂಜೆಯ ಬಸ್ಸಿಗೆ.
ಗಂಟು ಕಟ್ಟುವ ಮೊದಲು
ನಡುವಿನ ಪುಟಗಳಲ್ಲಿ
ಕೈ ಹಾಕಿ ನೋಡಿದೆ.