ಙ ಕಂಬ

ಸಂಜೆ ಗಂಟೆ ಬಾರಿಸಿದ ಮೇಲೆ ತೊಫಜ್ಜಲ್ ಮಾಸ್ತರರು
ಕೊಡೆ ಮಡಚಿ ಕಂಕುಳಲ್ಲಿಟ್ಟು
ಶಾಲೆಯ ಹೊಸ್ತಿಲಿಂದ ದಂಡೆಯ ತುದಿಗೆ
ಹೆಜ್ಜೆ ಎಣಿಸುತ್ತ ಹೋಗುತ್ತಿದ್ದರು.
ಭಾನುವಾರ ತೊಂಬತ್ತಾರು.
ಬುಧವಾರ ಎಪ್ಪತ್ತು.
ಕಳೆಯುವ ಲೆಕ್ಕವನ್ನು ನಮಗೆ
ಬೇರೆ ಯಾರೂ ಕಲಿಸಬೇಕಾಗಿರಲಿಲ್ಲ.

ಜಮುನಾ ನದಿಯ ನಡುವಿನ ಮರಳುದಿಬ್ಬ ನಮ್ಮೂರು.
ನದಿಯೇ ಕೊಟ್ಟ ನೆಲ;
ಜರಡಿ ಕೊಟ್ಟ ನೆರೆಮನೆಯವಳ ಹಾಗೆ
ಹೊತ್ತಲ್ಲದ ಹೊತ್ತಿಗೆ ಬಂದು ಕೇಳುತ್ತಾಳೆ.

ಪಕ್ಕದ ದಿಬ್ಬದವರು ಇಟ್ಟಿಗೆಯ ಶಾಲೆ ಕಟ್ಟಿದ್ದರು.
ಆಳುದ್ದ ಪಾಯ, ಸಿಮೆಂಟಿನ ಮೆಟ್ಟಿಲು,
ಕಲ್ಲಿನ ಮೇಲೆ ಕೊರೆದ ಐದು ದೊಡ್ಡವರ ಹೆಸರು.
ಬೇಸಿಗೆಯಲ್ಲಿ ನೀರಿಳಿದರೆ ಈಗಲೂ
ಮೂರು ಮೆಟ್ಟಿಲು ಕಾಣುತ್ತವೆ,
ಎಲ್ಲಿಗೂ ಹತ್ತದೆ.
ಬೆಳ್ಳಕ್ಕಿ ಕೂರುತ್ತವೆ.

ನಮ್ಮದಕ್ಕೆ ಪಾಯವೇ ಇಲ್ಲ.
ತಗಡು, ಮರ, ಬೋಲ್ಟು.
ನಿಬಾರಣ ಬಡಗಿ ಒಂದು ಮೊಳೆ ಹೊಡೆಯಲು ಬಿಡಲಿಲ್ಲ:
"ಮೊಳೆ ಮೊಂಡ. ಕಿತ್ತರೆ ಮರವನ್ನೂ ಕಚ್ಚಿಕೊಂಡು ಬರುತ್ತದೆ.
ತಿರುಪಿಗೆ ಬಂದ ದಾರಿ ನೆನಪಿರುತ್ತದೆ."
ಕತ್ತಲಲ್ಲಿ ತಡವಿದರೂ ತಿಳಿಯಲೆಂದು
ಕಂಬಕ್ಕೊಂದು ಅಕ್ಷರ ಕೊರೆಸಿದರು ಮಾಸ್ತರರು.
ನಾವು ಅಕ್ಷರ ಕಲಿತದ್ದು ಬೆನ್ನಿನಿಂದ,
ಒರಗಿ ಕೂತು.
ಕೊರಿಮನ್‌ಳದು ಚ. ಅವಳ ತಮ್ಮನದು ಝ.
ತಡವಾಗಿ ಸೇರಿದ ನನಗೆ ಉಳಿದದ್ದು ಙ.

ಙ ಯಾರಿಗೂ ಬೇಡ. ಅದರಿಂದ
ಒಂದು ಮಾತೂ ಶುರುವಾಗುವುದಿಲ್ಲ.
ನಮ್ಮ ಭಾಷೆಯಲ್ಲಿ ಕಪ್ಪೆಗೆ ಬ್ಯಾಙ್ ಅನ್ನುತ್ತೇವೆ,
ಬಾಲವಿಲ್ಲದ ಆ ಪ್ರಾಣಿಗೆ ಅದೊಂದು ಬಾಲ.
ಅಷ್ಟೇ ಅದರ ಸಂಸಾರ.

ಪಟ್ಟಣದ ಕಚೇರಿಯಿಂದ ಒಂದು ನಮೂನೆ ಬಂತು.
'ಶಾಲೆಯ ಕಾಯಂ ವಿಳಾಸ'ದ ಮುಂದೆ ಮಾಸ್ತರರು
ಬಹಳ ಹೊತ್ತು ಪೆನ್ನು ಹಿಡಿದು ಕೂತು,
'ಹಾಜರಿ ಪುಸ್ತಕ' ಎಂದು ಬರೆದು ಕಳಿಸಿದರು.

ಹನ್ನೊಂದು ಹೆಜ್ಜೆ ಉಳಿದ ರಾತ್ರಿ
ಊರೆಲ್ಲ ಲಾಟೀನು ಹಿಡಿದು ಬಂತು.
ಮೊದಲು ಸೂರು, ಆಮೇಲೆ ಗೋಡೆ,
ಕೊನೆಯ ಅಕ್ಷರದಿಂದ ಹಿಂದಕ್ಕೆ ಕಂಬಗಳು.
ಬೋಲ್ಟುಗಳೆಲ್ಲ ಹಾರ್ಲಿಕ್ಸ್ ಡಬ್ಬಿಗೆ, ಸಾಸಿವೆಯೆಣ್ಣೆಯಲ್ಲಿ.
ಮೂರು ದೋಣಿ. ಒಂದರಲ್ಲಿ ಯಾರದೋ ಮೇಕೆ
ಭೂಗೋಳದ ನಕ್ಷೆಯ ಅಂಚು ತಿನ್ನುತ್ತಿತ್ತು.
ಙ-ದ ಒಂದು ತುದಿ ನನ್ನ ಹೆಗಲಿಗೆ, ಇನ್ನೊಂದು ಕೊರಿಮನ್‌ಗೆ.
ಧಪ್ ಎಂದು ದಂಡೆ ಕುಸಿಯಿತು.
ಮೊಣಕಾಲವರೆಗೆ ನೀರು, ಕಂಬ ಎಳೆಯುತ್ತಿದೆ,
ನಾನು ಬಿಡಲಿಲ್ಲ. ನನ್ನ ಅಕ್ಷರವಲ್ಲವೇ.
"ಬಿಡೇ!" ಎಂದು ಮಾಸ್ತರರು ಕೂಗಿದ ದನಿ
ಗದರಿಕೆಯಲ್ಲ. ಗದರುವಾಗ ಅವರ ದನಿ
ಹಾಗೆ ನಡುಗಿದ್ದನ್ನು ಕೇಳಿರಲಿಲ್ಲ.
ಬಿಟ್ಟೆ.

ಹೊಸ ದಿಬ್ಬದಲ್ಲಿ ಮರುದಿನ ಬೆಳಿಗ್ಗೆ
ಮರಳಲ್ಲಿ ಗೆರೆ ಎಳೆದು ಬಾಗಿಲೆಲ್ಲಿ ಎಂದು ತೋರಿಸಿ
ಬಾಗಿಲಿನಿಂದಲೇ ಬನ್ನಿ ಎಂದರು.
ಬಂದೆವು. ಹಾಜರಿ ಕರೆದರು. ನಲವತ್ತೊಂದಕ್ಕೆ ನಲವತ್ತೊಂದು.
ಸೂರು ಎದ್ದಾಗ ಒಂದು ಮೂಲೆ ಮಾತ್ರ ಜೋತುಬಿತ್ತು,
ಒಂದು ಮಾತಿಗೂ ಬಾರದ ಅಕ್ಷರದ ಮೂಲೆ.

ಮುರಿದ ದೋಣಿಯ ಪಟಗಂಬ ತಂದು ನಿಬಾರಣ ಕೇಳಿದ:
"ಹೇಗಿರುತ್ತದಮ್ಮ ಅದು? ನನಗೆ ಓದು ಬಾರದು."
ಮರಳಲ್ಲಿ ಬರೆದು ತೋರಿಸಿದೆ.
ಅವನು ನನ್ನ ಎದುರಿಗೆ ಕೂತಿದ್ದ.
ತನಗೆ ಕಂಡ ಹಾಗೆಯೇ ಕೊರೆದ, ತಲೆಕೆಳಗಾಗಿ.
ಮಾಸ್ತರರು ನೋಡಿದರು, ಕೊಡೆಯ ತುದಿಯಿಂದ ಮುಟ್ಟಿದರು,
ಇರಲಿ ಎಂದರು.

ಕೊಡೆ ಈಗ ನನ್ನ ಕಂಕುಳಲ್ಲಿದೆ.
ಆಮೇಲೆ ನಾಲ್ಕು ಸಲ ಬಿಚ್ಚಿದ್ದೇವೆ, ನಾಲ್ಕು ಸಲ ಕಟ್ಟಿದ್ದೇವೆ.
ಆ ಕಂಬಕ್ಕೆ ಒರಗುವ ಮಕ್ಕಳು
ಕುತ್ತಿಗೆ ಓರೆ ಮಾಡಿಯೇ ಅದನ್ನು ಓದುತ್ತಾರೆ,
ಪುಸ್ತಕದಲ್ಲಿ ನೆಟ್ಟಗಿರುವುದು ಕಂಡರೆ
ಟೀಚರ್, ಇದು ತಪ್ಪು ಎನ್ನುತ್ತಾರೆ.
ಇವತ್ತು ಐವತ್ತೆರಡು ಹೆಜ್ಜೆ.
ಡಬ್ಬಿಗೆ ಎಣ್ಣೆ ಸಾಲದು, ನಾಳೆ ತರಬೇಕು.