ಹಣಿಗಿಗೆ ಸಿಕ್ಕಷ್ಟು

ಬಂದವರಿಗೆಲ್ಲ ಖೋರ್ಷೆದ್‌ಬಾಯಿ ಹೇಳೂದು ಒಂದ ಮಾತು:
'ಅಫ್ಘಾನ್ ಹೌಂಡ್ ಇದು. ನಾಯಿ ಅನಬ್ಯಾಡ್ರಿ.'
ಆಮ್ಯಾಲ ಬಿಸ್ಕಿಟು, ಆಮ್ಯಾಲ ಕಾಬೂಲಿನ ಗುಡ್ಡ,
ಚಿಗರಿ, ಹಿಮ, ಯಾವನೋ ಒಬ್ಬ ಅಮೀರ.
ಕೇಳಿದವರು ಚಹಾ ಆರಿಸಿಕೊಂಡು ಕುಡೀತಾರ.

ನನಗ ಯಾರೂ ಕೇಳೂದಿಲ್ಲ.
ಪುಣೆ ಕ್ಯಾಂಪಿನಾಗ, ಈಸ್ಟ್ ಸ್ಟ್ರೀಟಿನ ಹಿಂದ,
ಎರಡನೇ ಮಾಳಿಗಿ ಗ್ಯಾಲರಿಯೊಳಗ
ಪ್ರತಿ ಬೇಸ್ತವಾರ ಮೂರು ತಾಸು
ಬಾನೂನ ಕೂದಲಾ ಬಾಚೂದು ನನ್ನ ಕೆಲಸ.
ಜಮಖಂಡಿಯಿಂದ ಬಂದಾಗ ಮಂದಿ ಗಡ್ಡ ಕೆರೀತಿದ್ದೆ.
ಮಂದಿ ಮಾತಾಡತಾರ. ಈಕಿ ಮಾತಾಡೂದಿಲ್ಲ.

ಹಂಗಾದರ ನಾ ಮಾಡಸ್ತೀನಿ ಪರಿಚಯ.

ಮೊದಲು ಕಿವಿ. ಕಿವಿ ಅನಬೇಕೋ,
ಎರಕೊಂಡು ಬಿಚ್ಚಿದ ಹೆರಳು ಅನಬೇಕೋ.
ಉಣ್ಣಾಕ ಬಗ್ಗಿದರ ತಾಟಿನಾಗ ಬೀಳತಾವು,
ಅದಕ್ಕ ಹಳೇ ಕಾಲುಚೀಲಾ ಕತ್ತರಿಸಿ ಹೊಲದ ಟೊಪಿಗಿ.
ಬಣ್ಣ, ಜ್ವಾಳದ ಹಿಟ್ಟಿಗಿ ಚಿಟಿಗಿ ಅರಿಷಿಣ ಬಿದ್ದಂಗ.
ಮಾರಿ ಮಾತ್ರ ಕರೀದು, ಹಂಚಿನ ತಳ.
ಬಾಲದ ತುದಿಗೊಂದು ಸುತ್ತು,
ಬಳಿಗಾರ ಇಟ್ಟು ಮರತು ಹೋದದ್ದು.
ಕರದರ ಬರೂದಿಲ್ಲ. ಕೇಳಿಸಿರತೈತಿ.
ಬರಬೇಕೋ ಬ್ಯಾಡೋ ಅಂತ
ವಿಚಾರ ಮಾಡತಿರತಾಳ.

ಮೂಗಿನಾಕಿ ಅಲ್ಲ, ಕಣ್ಣಿನಾಕಿ.
ಕಾಲಬುಡದ ಪಾವಿನ ತುಣುಕು ಕಾಣೂದಿಲ್ಲ,
ಕೆಳಗ, ಓಣಿ ಆ ತುದಿಗೆ, ಹಾಲಿನ ಗಾಡಿ ಮರಿಯಾಗ
ಹೆಗ್ಗಣ ಬಾಲ ಸರಿಸಿತಂದರ
ನನ್ನ ಕೈಯಾನ ಹಣಿಗಿ ನಿಂತಬಿಡತೈತಿ.
ಮೈತುಂಬ ತಂತಿ ಬಿಗದಂಗ
ಸಣ್ಣಗ ನಡಗತಾಳ.
ಬಾಯಿಸಾಬರು ಒಳಗಿಂದ ಅಂತಾರ,
'ಥಂಡಿ ಹತ್ತೇತಿ. ಶಾಲು ಹೊಚ್ಚು.'

ಹೋದ ಮಾಘದಾಗ, ರೇಸ್‌ಕೋರ್ಸಿನ ಹುಲ್ಲಿನಾಗ,
ಹಗ್ಗ ಜಾರಿತು.
ಮುಂಗಲಿ ಇತ್ತಂತ. ನಾ ಕಾಣಲಿಲ್ಲ.
ನಾ ಕಂಡದ್ದು, ಬಿಸಲಿನ ಒಂದು ತುಂಡು ಎದ್ದು ಹೋದದ್ದು.
ನೆಲಾ ನಾಕು ಸಲ ಮುಟ್ಟಿರಬೇಕು, ಇಲ್ಲಾ ಮೂರು.
ಕುದರಿ ಓಡಸಾವರು
ಗಡಿಯಾರ ಒತ್ತೂದ ಮರತರು.

ತಾಸಿನ ಮ್ಯಾಲ ತಾನ ಬಂದಳು,
ಬಾಯಾಗ ಏನೂ ಇಲ್ಲ.
ಮೈತುಂಬ ಉತ್ತರಾಣಿ, ನೆಗ್ಗಿನ ಮುಳ್ಳು, ಕೆಸರು.
ಎರಡು ದಿವಸ ಹಣಿಗಿ ಹಾಕಿದೆ. ಎರಡು ಹಲ್ಲು ಮುರದವು.
ಬಾಯಿಸಾಬರು ಬಾಗಲಾ ಮುಚಗೊಂಡು
ಬಾಗಲಾ ಮುಚಗೊಂಡಾದ ಮ್ಯಾಲ ಅಂದರು:
'ಕತ್ತರಸು.'

ಕತ್ತರಿಸಿದೆ.
ಗ್ಯಾಲರಿ ತುಂಬ ರೇಷ್ಮಿ. ಪಾರಿವಾಳ ಎರಡು ಎಳಿ ಕಚಗೊಂಡು ಹೋತು.
ಕೂದಲದ ಒಳಗಿಂದ ಹೊರಗ ಬಂದು ನಿಂತದ್ದು,
ಎದಿ ಇಳದ, ಹೊಟ್ಟಿ ಬೆನ್ನಿಗಂಟಿದ,
ಪಕ್ಕೆಲುಬು ಎಣಸಬಹುದಾದ
ನಮ್ಮಪ್ಪನ ಮುಧೋಳ ನಾಯಿ, ಚಂಗಿ.
ಬದುವಿನ ಮೊಲ ತಂದು ಹೊಸ್ತಿಲದಾಗ ಒಗದು
ತಿರುಗಿ ನೋಡದ ಹೋಗತಿದ್ದಾಕಿ.
ಆಕಿಗೆ ಯಾರೂ ಬಾಚಲಿಲ್ಲ,
ಬಾಚೂವಂಥಾದ್ದು ಇರಲೂ ಇಲ್ಲ.

ಟೊಂಕದ ಎರಡೆಲುಬಿನ ನಡುವ
ಮೂರು ಬೆರಳು ಕೂತರ ಜಾತಿ ನಾಯಿ, ಅಂತಿದ್ದ ಅಪ್ಪ.
ಯಾರೂ ಇಲ್ಲಂತ ನೋಡಿ
ಇಟ್ಟು ನೋಡಿದೆ.
ಕೂತವು.

ಬಾನೂ ನನ್ನ ಕಡೆ ನೋಡಲಿಲ್ಲ.
ಕಟಾಂಜನದ ಸಂದಿಯಿಂದ, ತಗಡಿನ ಛತ್ತುಗಳ ಆಚೆ
ಏನೋ ಒಂದನ್ನ ನೋಡಾಕತ್ತಿದ್ದಳು.

ಬರೂ ಬೇಸ್ತವಾರನೂ ಬಾ, ಅಂದರು ಬಾಯಿಸಾಬರು,
ರೊಕ್ಕಾ ಬಾಗಲದ ಸಂದಿಯಿಂದ ಕೊಟ್ಟು.
ಬಾಚೂದು ಏನೂ ಇಲ್ಲ.
ಹೊಂಟೀನಿ.