ಫ್ಯಾಕ್ಸ್ ಸಂಖ್ಯೆಯ ಕಲಂ

ವಿರಾಜಪೇಟೆ ತಾಲ್ಲೂಕು ಕಚೇರಿ, ಹಿಂದಿನ ಕೋಣೆ.
ಟೆಂಡರಿನಲ್ಲಿ ಅದರ ಹೆಸರು ಹಳೆಯ ದತ್ತಾಂಶ.
ಬಾಗಿಲು ತೆಗೆದರೆ ನುಸಿಗುಳಿಗೆ, ಗೋಂದು, ಇಲಿ.

ನಾನು ಬದಲಾವಣೆ ತರಲು ಬಂದವಳು.
ಕಂಪನಿಯ ನೇಮಕಪತ್ರದಲ್ಲೇ ಹಾಗೆಂದು ಬರೆದಿದೆ.
ಜೊತೆಗೆ ಎರಡು ಸ್ಕ್ಯಾನರು, ಆರು ಹುಡುಗರು,
ಗಡುವು ಮೀರಿದರೆ ದಿನಕ್ಕಿಷ್ಟು ದಂಡವೆಂಬ ಕರಾರು.
ಸರ್ವರು ಮಾತ್ರ ತಿತಿಮತಿಯ ಆಚೆ ಲಾರಿಯಲ್ಲಿ ನಿಂತಿದೆ.
ರಸ್ತೆಗೆ ಅಡ್ಡ ಆನೆ. ಅದು ಕರಾರು ಓದಿಲ್ಲ.

ಮೊದಲ ಸಭೆಗೆ ಮೂವತ್ತೆಂಟು ಸ್ಲೈಡು.
ಹದಿನಾಲ್ಕನೆಯದಕ್ಕೆ ಕರೆಂಟು ಹೋಯಿತು.
ಕತ್ತಲಲ್ಲಿ ಯಾರೋ ಕೇಳಿದರು,
"ಮೇಡಂ, ಇದು ಬಂದಮೇಲೆ ನಾವು?"
ಉತ್ತರ ಇಪ್ಪತ್ತನೆಯದರಲ್ಲಿತ್ತು.
ನನಗೆ ಬಾಯಿಪಾಠ ಬರಲಿಲ್ಲ.

ದಾಖಲೆ ಕೋಣೆಯ ದೇಚಮ್ಮ ಸಭೆಗೇ ಬರಲಿಲ್ಲ.
ಏಣಿಯ ಮೇಲೆ ಕೂತು
ಕಡತಗಳಿಗೆ ಕೆಂಪು ದಾರ ಬಿಗಿಯುತ್ತಿದ್ದರು.

ಆ ದಾರ ಬಿಚ್ಚಲು ಬೆರಳು ನೋಯುತ್ತದೆ ಎಂದ ನಿಯಾಜ್
ಪೇಟೆಗೆ ಹೋಗಿ ಕತ್ತರಿ ತಂದ.
ದಿನಕ್ಕೆ ಐವತ್ತು ಕಡತ ಇದ್ದದ್ದು ನೂರಾ ಎಂಬತ್ತಾಯಿತು.
ನಕ್ಷೆ ಬರೆದು ಹೆಡ್ ಆಫೀಸಿಗೆ ಕಳಿಸಿದೆ.
ಮರುಕ್ಷಣವೇ ಫೋನಿನಲ್ಲಿ ಒಂದು ಹಳದಿ ಹೆಬ್ಬೆರಳು.

ಸಂಜೆ ದೇಚಮ್ಮ ಬಂದರು. ಮಡಿಲ ತುಂಬ ದಾರದ ತುಂಡು.
ನನ್ನ ಕೀಬೋರ್ಡಿನ ಮೇಲೆ ಸುರಿದರು.
"ಇದನ್ನೂ ಸ್ಕ್ಯಾನ್ ಮಾಡು ಮಗಾ."

ಒಂದು ಗಂಟು ಅಂದರೆ ತಕರಾರಿಲ್ಲ.
ಎರಡು ಗಂಟು, ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ,
ಇಬ್ಬರನ್ನೂ ಒಂದೇ ದಿನ ಕರೆಯಬೇಡ.
ಜಾರುಗಂಟು ಇದೆಯಲ್ಲ, ಇದು,
ಒಕ್ಕದ ಪಟ್ಟಿಯಲ್ಲಿ ಒಬ್ಬಳ ಹೆಸರು ಬಿಟ್ಟುಹೋಗಿದೆ.
ಅವಳು ಒಂದಲ್ಲ ಒಂದು ದಿನ ಬರುತ್ತಾಳೆ.
ಬಂದಾಗ ಕಾಯಿಸಬಾರದು,
ಎಳೆದರೆ ಬಿಚ್ಚಬೇಕು.

ಇದನ್ನು ಅವರಿಗೆ ಹೇಳಿಕೊಟ್ಟದ್ದು ಬಿದ್ದಪ್ಪ,
ಬಿದ್ದಪ್ಪನಿಗೆ ಇನ್ಯಾರೋ.
ಯಾವ ಸುತ್ತೋಲೆಯಲ್ಲೂ ಇಲ್ಲ.

ಹೆಡ್ ಆಫೀಸಿಗೆ ಫೋನು ಮಾಡಿದೆ: ಒಂದು ಕಲಂ ಬೇಕು.
ಯಾವ ಕಲಂ? ಗಂಟು.
ಆ ಕಡೆ ಸ್ವಲ್ಪ ಹೊತ್ತು ಉಸಿರು ಮಾತ್ರ.
ಆಮೇಲೆ ಲೆಕ್ಕ: ಕರಾರು ತಿದ್ದುಪಡಿ, ಸಮಿತಿ,
ಮೂರು ತಿಂಗಳು, ಹನ್ನೊಂದು ಲಕ್ಷ.

ಗಡಿಯಾರ ಗೋಪುರದ ಹತ್ತಿರದ ಲಾಡ್ಜು.
ರಾತ್ರಿ ನಮೂನೆಯನ್ನು ಮೇಲಿಂದ ಕೆಳಗೆ ಓದುತ್ತ ಹೋದೆ.
ಸರ್ವೆ ನಂಬರು. ವಿಸ್ತೀರ್ಣ. ಜಮ್ಮಾ. ಬಾಣೆ.
ನಲವತ್ತೊಂದನೆಯದು: ಪಟ್ಟೆದಾರರ ಫ್ಯಾಕ್ಸ್ ಸಂಖ್ಯೆ.
ಇಪ್ಪತ್ತು ಅಕ್ಷರಕ್ಕೆ ಜಾಗ.
ತೀರಿಹೋಗಿ ಅರವತ್ತು ವರ್ಷವಾದ ಪಟ್ಟೆದಾರನಿಗೆ
ಫ್ಯಾಕ್ಸ್ ಕಳಿಸುವವರು ಯಾರು?
ಒಬ್ಬಳೇ ಜೋರಾಗಿ ನಕ್ಕೆ. ಪಕ್ಕದ ಕೋಣೆಯವರು ಗೋಡೆ ತಟ್ಟಿದರು.

ಬೆಳಗ್ಗೆ ದೇಚಮ್ಮನಿಗೆ ಕುರ್ಚಿ ಎಳೆದುಕೊಟ್ಟೆ.
ಸರಕಾರ ಕೊಟ್ಟ ತರಬೇತಿ ಮೂರು ಸಲ ತಪ್ಪಿಸಿಕೊಂಡವರು
ಒಂದೇ ಬೆರಳಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ,
ಎ-ರ-ಡು ಎಂದು ಒತ್ತಿದರು.
ನಿಯಾಜ್ ಕತ್ತರಿಯನ್ನು ಕಿಟಕಿಯ ಮೇಲಿಟ್ಟು
ಉಗುರಿನಿಂದ ಬಿಚ್ಚುವುದು ಕಲಿತ.
ಅವನು ಕತ್ತರಿಸಿದ ಕಡತಗಳು ನಾನೂರು ಚಿಲ್ಲರೆ.
ಬಹುಪಾಲು ಅವರಿಗೆ ನೆನಪಿತ್ತು.
ಹನ್ನೊಂದಕ್ಕೆ ಇರಲಿಲ್ಲ.
ಅವುಗಳ ಫ್ಯಾಕ್ಸ್ ಸಂಖ್ಯೆ: ಮರೆತೆ, ಕ್ಷಮಿಸಿ.

ಒಂಬತ್ತು ದಿನ ತಡವಾಯಿತು.
ವರದಿಯಲ್ಲಿ ಕಾರಣದ ಎದುರು ಆನೆ ಎಂದು ಬರೆದೆ.
ಒಂಬತ್ತರಲ್ಲಿ ಎರಡು ದಿನಕ್ಕೆ ಅದು ನಿಜ.

ಕತ್ತಲಲ್ಲಿ ಕೇಳಿದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ.
ಇಪ್ಪತ್ತನೆಯ ಸ್ಲೈಡನ್ನು ಅಳಿಸಿದ್ದೇನೆ,
ಅದರ ಜಾಗಕ್ಕೆ ಇನ್ನೂ ಏನೂ ಹಾಕಿಲ್ಲ.

ಜುಲೈಗೆ ದೇಚಮ್ಮ ನಿವೃತ್ತಿ.
ನಿನ್ನೆ ಹೊಸ ಆವೃತ್ತಿಗೆ ಪಟ್ಟಿ ಬಂತು,
ಬಳಕೆಯಲ್ಲಿಲ್ಲದ ಕಲಂಗಳನ್ನು ಕಿತ್ತುಹಾಕಿ ಎಂದು.
ಮೊದಲ ಸಾಲೇ ಫ್ಯಾಕ್ಸ್.
ಅದರ ಮುಂದೆ ಬರೆದು ವಾಪಸು ಕಳಿಸಿದೆ:
ಬಳಕೆಯಲ್ಲಿದೆ.